ಮುಖ ಉಜ್ಜಿದ ಕಲ್ಲು

"ಕಲ್ಲಿಗೆ ಎಂತ ಮಾಡಿದ್ರಿ ಭಾವ? ನಿಮ್ಮ ಕೈಗೆ ಹುಳ ಹಿಡಿಯಲಿ!"

ನನ್ನ ಹೆಂಡತಿ ಆಮಿನತ್‌ಳ ತಮ್ಮ ರಾಝಿಕ್ ನನ್ನೆದುರು ಬಾಯಿ ಎತ್ತಿದ್ದು ಅದೇ ಮೊದಲು. ಅವನನ್ನು ಅರಬರ ನಾಡಿನ ಈ ಖತೀಫ್‌ಗೆ ಕರೆಸಿ, ಟೈಲ್ಸ್ ಕೆಲಸ ಕಲಿಸಿದವನು ನಾನು.

"ಮುಖ ಮಾತ್ರ ಉಜ್ಜಿದ್ದು. ವಿಗ್ರಹ ಇರುವ ಕೋಣೆಯಲ್ಲಿ ನಮಾಝ್ ಮಾಡುವುದಾ? ಮಲಕುಗಳು, ದೇವದೂತರು, ಅಲ್ಲಿ ಕಾಲಿಡುವುದಿಲ್ಲ ಮಾರಾಯ."

ಬೆರಳುದ್ದದ ಉರುಟು ಕಲ್ಲು ಅದು. ಹಳೆ ಮನೆಯೊಂದರ ನೆಲ ಕೀಳುವಾಗ ಅವನಿಗೆ ಸಿಕ್ಕಿತ್ತು. ಹಸಿ ಜಿಪ್ಸಂ ಮೇಲೆ ಉರುಳಿಸಿದರೆ ಸಾಲು ಚಿತ್ರ ಎದ್ದು ಬಂತು: ಕೊಂಬಿನ ಕಿರೀಟ ತೊಟ್ಟು ಕುಳಿತ ದೇವರು, ಮೇಲೆ ಚಂದ್ರ, ಎದುರಿಗೆ ಒಬ್ಬ ಭಕ್ತ, ಅವನ ಕೈಹಿಡಿದು ತರುವ ದೇವತೆ. ಮೆಸೊಪೊಟೇಮಿಯಾದ ಮುದ್ರೆ, ನಾಲ್ಕು ಸಾವಿರ ವರ್ಷ ಹಳೆಯದಿರಬೇಕು, ಜೇಡಿಮಣ್ಣಿನ ಮೇಲೆ ಸಹಿಯಂತೆ ಉರುಳಿಸುತ್ತಿದ್ದರು ಎಂದು ರಾಝಿಕ್ ಮೊಬೈಲಿನಲ್ಲಿ ಓದಿ ಹೇಳಿದ. ನನಗೆ ಕಂಡದ್ದು ಮೂರು ಮುಖ. ನನ್ನ ಉಮ್ಮ ಮಕ್ಕಳ ಬೊಂಬೆಯ ಮುಖವನ್ನೂ ಉಜ್ಜಿ ಅಳಿಸಿಯೇ ಮನೆಯೊಳಗೆ ಬಿಡುತ್ತಿದ್ದದ್ದು. ಮಧ್ಯಾಹ್ನ ಬಿಸಿಲಿಗೆ ಕೆಲಸ ನಿಲ್ಲುವ ಬಿಡುವಿನಲ್ಲಿ ಅವನು ಸ್ನಾನಕ್ಕೆ ಹೋದಾಗ ನಾನು ಗ್ರೈಂಡರ್ ಹಿಡಿದೆ.

"ಪುರಾತತ್ವದವರಿಗೆ ಫೋಟೋ ಕಳಿಸಿ ಆಗಿದೆ. ನಾಲ್ಕು ಗಂಟೆಗೆ ಸೈಟಿಗೆ ಬರ್ತಾರೆ. ಫೋಟೋದಲ್ಲಿ ಮುಖ ಉಂಟು, ಕಲ್ಲಲ್ಲಿ ಇಲ್ಲ. ನನ್ನನ್ನು ಒಳಗೆ ಹಾಕಿದ್ರೆ?"

"ನನ್ನನ್ನು ಕೇಳದೆ ಕಳಿಸಿದ್ದು ಯಾಕೆ? ದೊಡ್ಡ ಪ್ರೊಫೆಸರ್!"

"ಕೇಳಿದ್ರೆ ಆಗಲೇ ಉಜ್ಜುತ್ತಿದ್ರಿ." ಅವನ ದನಿ ಇಳಿಯಿತು. "ಭಾವ, ನನ್ನ ಜೊತೆ ಬನ್ನಿ. 'ಉಜ್ಜಿದ್ದು ನಾನು' ಅಂತ ನೀವು ಒಂದು ಮಾತು ಹೇಳಿ. ಅಷ್ಟು ಸಾಕು."

ಇಪ್ಪತ್ತೆರಡು ವರ್ಷದ ಇಕಾಮಾ ನನ್ನದು, ಈ ದೇಶದಲ್ಲಿ ಇರುವ ಪರವಾನಗಿ. ಜೈಲು, ವಿಮಾನ, ಊರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

"ಕಲ್ಲು ಸಿಕ್ಕಿದ್ದು ನಿನಗೆ, ಫೋಟೋ ಕಳಿಸಿದ್ದು ನೀನು. ನನ್ನ ಹೆಸರು ಎಳೆಯಬೇಡ."

ರಾಝಿಕ್ ಜಿಪ್ಸಂ ತುಂಡನ್ನು ಎತ್ತಿಕೊಂಡ. ಅದರಲ್ಲಿ ಮುಖಗಳು ಹಾಗೇ ಇದ್ದವು. ದೇವತೆಯಿಂದ ಕೈಹಿಡಿಸಿಕೊಂಡು ನಿಂತ ಭಕ್ತನ ಮೇಲೆ ಬೆರಳಿಟ್ಟ.

"ನಾನು ಬಂದ ದಿನ ಕೆಲಸ ಕೊಡುವ ಕಫೀಲನ ಎದುರು ನೀವು ಕೈಹಿಡಿದು ನನ್ನನ್ನು ನಿಲ್ಲಿಸಿದ್ದೂ ಹೀಗೇ."

ಕಲ್ಲು, ಜಿಪ್ಸಂ ಎರಡನ್ನೂ ಟವೆಲಿನಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿದ.

"ನಿಮ್ಮ ಹೆಸರು ಬರುವುದಿಲ್ಲ."

"ಹೋಗು! ಈ ಬಾಗಿಲಿಗೆ ಮತ್ತೆ ಬರಬೇಡ!"

ಮೆಟ್ಟಿಲಿನಲ್ಲಿ ಅವನ ಹೆಜ್ಜೆ ಕೇಳಿಸುತ್ತಿತ್ತು. ಕರೆದಿದ್ದರೆ ಕೇಳಿಸುವಷ್ಟು ಹತ್ತಿರ. ನಾನು ಗ್ರೈಂಡರಿನ ವಯರು ಸುತ್ತುತ್ತ ಕೂತೆ.

ಎರಡು ವಾರದ ಮೇಲೆ ಅವನು ಹೊಸದಾಗಿ ಕೆಲಸಕ್ಕೆ ಸೇರಿದ ದೂರದ ರಾಸ್ ಅಲ್ ಖೈರ್‌ನಿಂದ ಯಾರೋ ಬಂದು ಅವನ ಬ್ಯಾಗನ್ನೂ ಹಾಸಿಗೆಯನ್ನೂ ಒಯ್ದರು. ಅವನು ಬರಲಿಲ್ಲ.