ಕೊಕ್ಕರೆ ಇಲ್ಲದ ಅಂಗಿ

ಮಾರ್ಸ್ಡನ್ ಮನೆತನದ ಆಳುಗಳ ಅಂಗಿಯ ಎದೆಯ ಮೇಲೆ ಮನೆತನದ ಗುರುತಾದ ಕಪ್ಪು ಬಟ್ಟೆಯ ಕೊಕ್ಕರೆ ಹೊಲಿದವಳು ನಾನು, ಅದನ್ನು ಬಿಚ್ಚಿದವಳೂ ನಾನೇ. ಆ ಕೊಕ್ಕರೆ ಕಂಡರೆ ಮೂರು ಸೀಮೆಯ ಜನ ದಾರಿ ಬಿಡುತ್ತಿದ್ದ ಕಾಲವಿತ್ತು. ಆ ದಿನ ಅದೇ ಕುತ್ತಿಗೆಗೆ ಉರುಳಾಗಿತ್ತು.

ಬೆಳಿಗ್ಗೆ ಪಿಯರ್ಸ್ ಕುಂಟುವ ಕುದುರೆಯ ಮೇಲೆ ಮನೆ ಸೇರಿದ್ದ. ಯುದ್ಧದಲ್ಲಿ ಸೋತು ಅವನ ಅಪ್ಪ, ನಮ್ಮ ದೊರೆ, ಸತ್ತಿದ್ದರು. ಗೆದ್ದ ರಾಜನ ದಂಡು ಈಗ ಮಗನ ತಲೆಗಾಗಿ ಬೆನ್ನು ಹತ್ತಿತ್ತು. ಅವನಿಗಿನ್ನೂ ಹತ್ತೊಂಬತ್ತು. ಹೆತ್ತವರು ಮಾರ್ಜರಿ ಅಮ್ಮನವರು, ಮೊಲೆಯೂಡಿಸಿದವಳು ನಾನು.

“ಓಡೋಣ ಅಂದ್ರೆ ಸೇತುವೆ ಅವರ ಕೈಲಿದೆ,” ಎಂದರು ಅಮ್ಮನವರು. “ಮೇಬಲ್, ಎಲ್ಲರ ಕೊಕ್ಕರೇನೂ ಬಿಚ್ಚಿಬಿಡು. ಅದು ಎದೆ ಮೇಲಿದ್ರೆ ಯಾರನ್ನೂ ಉಳಿಸಲ್ವಂತೆ. ಇವನಿಗೂ ಒಂದು ಆಳಿನ ಅಂಗಿ ಕೊಡು, ಲಾಯದವರ ಜೊತೆ ನಿಂತ್ಕೊಳ್ಳಲಿ. ಇವನ ಮುಖ ಅವರಿಗೆ ಗೊತ್ತಿಲ್ಲ.”

ಲಾಯದ ಹ್ಯೂ ತನ್ನ ಅಂಗಿ ಕಳಚಿ ಮುಂದೆ ಹಿಡಿದ. “ಚಿಕ್ಕ ದೊರೆಗೆ ನಂದು ಕೊಡಿ ಅಕ್ಕ. ಪೆಟ್ಟಿಗೇಲಿರೋ ಹೊಸದು ನಂಗಿರಲಿ. ನಾನೂ ಒಂದಿನ ಮದುಮಗನ ಥರ ಕಾಣ್ತೀನಿ.”

“ನಿನ್ನ ಅಂಗೀಲಿರೋ ಹೇನುಗಳದ್ದೇ ಒಂದು ದಂಡಾಗುತ್ತೆ. ಸುಮ್ನೆ ಹಾಕ್ಕೊಳೋ,” ಎಂದು ಗದರಿದೆ. ನನ್ನ ಹಾಲು ಕುಡಿದ ಮೈಗೆ ಆ ಹೊಲಸು ತಾಗುವುದು ನನಗೆ ಬೇಕಿರಲಿಲ್ಲ. ಕೊಕ್ಕರೆ ಹಚ್ಚದೆ ಇಟ್ಟಿದ್ದ ಹೊಸ ಅಂಗಿಯನ್ನೇ ತೊಡಿಸಿ, ಅದಕ್ಕೆ ಲದ್ದಿ, ಬೂದಿ ಎಲ್ಲ ಬಳಿದೆ. ಜಾಣೆ ಅಂತ ಬೀಗಿದೆ ಕೂಡ.

ಮಧ್ಯಾಹ್ನ ದಂಡು ಬಂತು. ದಳಪತಿ ಆಳುಗಳನ್ನು ಅಂಗಳದ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ. ಬಣ್ಣ ಹೋದ ನೀಲಿ ಅಂಗಿಗಳ ಮೇಲೆ, ಕೊಕ್ಕರೆ ಇದ್ದ ಕಡೆ ಮಾತ್ರ ಬಣ್ಣ ಹಾಗೇ ಉಳಿದಿತ್ತು. ಕೊಕ್ಕು, ಕಾಲು, ಎಲ್ಲ ಸ್ಪಷ್ಟ. ಬಿಚ್ಚುವಾಗಲೇ ನೋಡಿದ್ದೆ. ಆಳುಗಳು ಯಾವ ಮನೆಯವರೆಂಬುದು ಗುಟ್ಟೇನೂ ಅಲ್ಲವಲ್ಲ ಎಂದುಕೊಂಡಿದ್ದೆ. ನನ್ನ ಬುದ್ಧಿ ಅಲ್ಲಿಗೇ ನಿಂತಿತ್ತು.

“ಹಕ್ಕಿ ಹಾರಿಹೋದ್ರೂ ನೆರಳು ಬಿಟ್ಟೋಗಿದೆ!” ದಳಪತಿ ನಗುತ್ತ ಒಬ್ಬೊಬ್ಬರ ಎದೆಗೂ ಬೆರಳು ಒತ್ತಿಕೊಂಡು ಬಂದ. ಪಿಯರ್ಸನ ಮುಂದೆ ಬೆರಳು ನಿಂತಿತು. “ನಿನ್ನ ಹಕ್ಕಿ ಎಲ್ಲೋ?”

ಪಕ್ಕದಲ್ಲಿದ್ದ ಹ್ಯೂ ಬಾಯಿ ಹಾಕಿದ. “ಹೊಸಬ ಸ್ವಾಮಿ. ಲದ್ದಿ ಬಾಚೋಕೆ ಮೊನ್ನೆ ಬಂದ.”

“ಮೊನ್ನೆ ಬಂದೋನಿಗೆ ಹೊಸ ಅಂಗಿ, ನಿಂಗೆ ಹರಕಲು. ಲದ್ದಿ ಬಾಚೋನಿಗೆ ಭಾರಿ ಮರ್ಯಾದೆ ಕಣಯ್ಯ ಈ ಮನೇಲಿ.” ದಳಪತಿಯ ನಗು ಆರಿತು. “ಈ ಸುಳ್ಳನನ್ನ ಮೊದಲು ನೇಣಿಗೆ ಹಾಕಿ.”

ಹ್ಯೂನನ್ನು ಎಳೆದುಕೊಂಡು ಹೊರಟರು. ಆಗಲೂ ಅವನು, “ಹೊಸಬನೇ ಸ್ವಾಮಿ,” ಎನ್ನುತ್ತಲೇ ಇದ್ದ.

“ಅವನನ್ನ ಬಿಡಿ,” ಎಂದ ಪಿಯರ್ಸ್. “ನೀವು ಹುಡುಕ್ತಿರೋದು ನನ್ನನ್ನ.”

“ಇಲ್ಲ! ಅವನು ನನ್ನ ಮಗ, ನನ್ನ ಮಗ!” ಎಂದು ಚೀರಿದೆ. ಯಾರೂ ತಿರುಗಿ ನೋಡಲಿಲ್ಲ.

ಮೂರನೆಯ ದಿನ ಪಿಯರ್ಸನ ದೇಹವನ್ನು ಅದೇ ಅಂಗಿಯಲ್ಲಿ ಗಾಡಿಯ ಮೇಲೆ ಕಳಿಸಿದರು. ಹ್ಯೂ ಬಾಗಿಲಲ್ಲಿ ನಿಂತು, “ಅಕ್ಕಾ, ಅವತ್ತು ನನ್ನ ಅಂಗೀನೇ...” ಎಂದವನು ಮುಂದೆ ಹೇಳಲಾರದೆ ಮುಖ ಮುಚ್ಚಿಕೊಂಡ.

ಅಮ್ಮನವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಿಚ್ಚಿಟ್ಟ ಕೊಕ್ಕರೆಗಳ ರಾಶಿಯಿಂದ ಒಂದನ್ನು ಆರಿಸಿ ಮಗನ ಎದೆಯ ಮೇಲಿಟ್ಟರು.

“ಈಗ ಹೊಲಿ ಮೇಬಲ್. ಇನ್ನು ಯಾರಿಗೆ ಹೆದರಬೇಕು?”

ಎಷ್ಟು ಸಲ ಪ್ರಯತ್ನಿಸಿದರೂ ಸೂಜಿಗೆ ದಾರ ಪೋಣಿಸಲು ನನ್ನಿಂದ ಆಗಲೇ ಇಲ್ಲ. ಅಮ್ಮನವರೇ ಪೋಣಿಸಿ ಕೊಟ್ಟರು.