ಮೂರನೇ ಮಹಡಿಯ ನಿದ್ದೆ

ಏಳನೇ ಮಹಡಿಯ ಕಿಟಕಿ ಗಾಜಿಗೆ ಅಂಟಿದ್ದ ಉಪ್ಪನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದ ಕೀಲಿಯಕ್ಕನ ಕೈ ಅರ್ಧಕ್ಕೇ ನಿಂತಿತು. ಕೆಳಗೆ ಗೇಟಿನೆದುರು ಬಾಡಿಗೆ ಕಾರೊಂದು ಬಂದು ನಿಂತಿತ್ತು. ಅದರಿಂದ ಇಳಿದ ಹೆಂಗಸು ಕತ್ತೆತ್ತಿ ಕಟ್ಟಡವನ್ನು ನೋಡುತ್ತಿದ್ದಳು. ಅಷ್ಟು ಮೇಲಿನಿಂದ ಮುಖ ಕಾಣುವಂತಿರಲಿಲ್ಲ. ಆದರೆ ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡ ಕಂದು ಚೀಲ, ಎರಡು ಹೆಜ್ಜೆಗೊಮ್ಮೆ ಅದನ್ನು ಮೇಲಕ್ಕೆಳೆದುಕೊಳ್ಳುವ ರೀತಿ, ಎರಡೂ ಗೊತ್ತಿದ್ದವೇ. ಮೂರನೇ ಮಹಡಿಯ ಮನೆಯ ಮಗಳು. ಶನಿವಾರ ಬರುತ್ತೇನೆ ಎಂದು ಫೋನು ಮಾಡಿದವಳು ಗುರುವಾರವೇ ಬಂದಿಳಿದಿದ್ದಳು.

ಆ ಮೂರನೇ ಮಹಡಿಯ ಮನೆಯ ಹಾಲಿನಲ್ಲಿ, ಫ್ಯಾನಿನ ಕೆಳಗೆ, ಕೀಲಿಯಕ್ಕನ ಗಂಡ ಮಲಗಿ ನಿದ್ದೆ ಹೊಡೆಯುತ್ತಿದ್ದ.

ಸಮುದ್ರದ ಎದುರಿನ ಆ ರಸ್ತೆಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಸಮುದ್ರ ಕಾಣುತ್ತದೆಂದು ಆಸೆಪಟ್ಟು ಕೊಂಡವರೆಲ್ಲ ಸಮುದ್ರವನ್ನು ಮನೆಯ ಪಾಲಿಗೆ ಬಿಟ್ಟು ತಾವು ಇನ್ನೆಲ್ಲೋ ಇರುತ್ತಾರೆ. ಸಮುದ್ರವೇನು ಸುಮ್ಮನಿರುವ ಪೈಕಿಯೇ? ಬೀಗ ಹಾಕಿದ ಮನೆಗೂ ನುಗ್ಗಿ ಚಿಲಕಕ್ಕೆ ತುಕ್ಕು ಹಿಡಿಸುತ್ತದೆ, ಗೋಡೆಗೆ ಬೂಷ್ಟು ಬರಿಸುತ್ತದೆ, ಕಪಾಟಿನೊಳಗಿನ ಬೂಟಿನ ಮೇಲೆ ಬಿಳಿ ಪುಡಿ ಬೆಳೆಸುತ್ತದೆ. ಅದಕ್ಕೇ ಇಂಥ ಹನ್ನೆರಡು ಮನೆಗಳ ಕೀಲಿ ಅವಳ ಕೈಯಲ್ಲಿ. ವಾರಕ್ಕೆ ಎರಡು ಸಲ ಪ್ರತಿ ಮನೆಗೂ ಹೋಗಿ ಕಿಟಕಿ ತೆರೆಯಬೇಕು, ಕೆಂಪು ನೀರು ಹೋಗಿ ತಿಳಿನೀರು ಬರುವ ತನಕ ನಲ್ಲಿ ಬಿಡಬೇಕು, ಹಾಸಿಗೆ ಮಗುಚಬೇಕು, ಫ್ಯಾನು ಹಾಕಬೇಕು, ಮತ್ತೆ ಎಲ್ಲ ಮುಚ್ಚಿ ಬರಬೇಕು. ಯಾರೂ ಇಲ್ಲದ ಮನೆಗಳಲ್ಲಿ ಯಾರೋ ಇದ್ದಾರೆಂದು ಮನೆಗಳನ್ನು ನಂಬಿಸುವ ಕೆಲಸ. ಕೀಲಿಯಕ್ಕ ಎಂದು ಹೆಸರಿಟ್ಟವನು ಗೇಟಿನ ಕಾವಲುಗಾರ. ಈಗ ಅವಳ ಸ್ವಂತ ಹೆಸರು ಗಂಡನಿಗೆ ನೆನಪಿದ್ದರೆ ಅದೇ ಹೆಚ್ಚು.

ಅವಳ ಸ್ವಂತ ಮನೆ ಅಲ್ಲಿಂದ ನಾಲ್ಕು ಬೀದಿ ಹಿಂದೆ. ಒಂದೇ ಕೋಣೆ, ಮೇಲೆ ತಗಡು. ಪಕ್ಕದ ಗೋಡೆಗೆ ಅಂಟಿಕೊಂಡೇ ಕಿಟಕಿಯ ಕಬ್ಬಿಣದ ಸರಳು ಕತ್ತರಿಸುವ ವರ್ಕ್‌ಶಾಪು. ಸಮುದ್ರದೆದುರಿನ ಮನೆಗಳ ಸರಳುಗಳನ್ನು ಉಪ್ಪುಗಾಳಿ ತಿನ್ನುತ್ತಲೇ ಇರುವುದರಿಂದ ಆ ವರ್ಕ್‌ಶಾಪಿಗೆ ಎಂದೂ ಕೆಲಸ ತಪ್ಪಿದ್ದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಕರಕರ ಶಬ್ದ ಸಂಜೆ ಆರಕ್ಕೇ ನಿಲ್ಲುವುದು. ಅವಳ ಗಂಡ ಬಂದರಿನಲ್ಲಿ ಕ್ರೇನು ನಡೆಸುವವನು, ವರ್ಷದಿಂದ ರಾತ್ರಿಪಾಳಿ. ಕಿವಿಗೆ ಹತ್ತಿ ತುರುಕಿ ನೋಡಿದ, ತಲೆಯ ಮೇಲೆ ದಿಂಬು ಒತ್ತಿಕೊಂಡು ನೋಡಿದ, ವರ್ಕ್‌ಶಾಪಿನವನ ಹತ್ತಿರ ಹೋಗಿ ಒಂದು ಸಲ ಬೇಡಿಕೊಂಡು, ಇನ್ನೊಂದು ಸಲ ಜಗಳವಾಡಿ ಬಂದ. "ನಾನೇನ್ ಹತ್ತೀಲಿ ಕಬ್ಬಿಣ ಕತ್ತರಿಸಕ್ಕಾಗುತ್ತಾ ಅಣ್ಣಾ?" ಎಂದು ಅವನೂ ಕೈಮುಗಿದ. ಅವನದೂ ಹೊಟ್ಟೆಪಾಡೇ.

ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗಂಡ ಮನೆಗೆ ಬಂದವನೇ ನಗುತ್ತಾ ಹೇಳಿದ್ದ: "ನಿನ್ನೆ ಕಣ್ಣು ಒಂದು ಚಿಟಿಕೆಯಷ್ಟು ಹೊತ್ತು ಮುಚ್ಚಿಹೋಯ್ತು ಕಣೇ. ಬಿಟ್ಟು ನೋಡಿದ್ರೆ ಪೆಟ್ಟಿಗೆ ಕೆಳಗೆ ಕೂತಿದೆ. ಒಬ್ಬನ ಕಾಲಿಂದ ಇಷ್ಟೇ ದೂರ." ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ತೋರಿಸಿದ. ಪೆಟ್ಟಿಗೆಯೆಂದರೆ ಒಂದು ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಅಂದು ಅವಳು ಗೊಂಚಲಿನಿಂದ ಒಂದು ಕೀಲಿ ಆರಿಸಿ, ಅವನನ್ನು ಮೂರನೇ ಮಹಡಿಗೆ ಕರೆದುಕೊಂಡು ಹೋದಳು. ಎದುರು ಮನೆಗೂ ಬೀಗ, ಹಾಲಿನಲ್ಲಿ ಒಂದು ಕುರ್ಚಿ ಬಿಟ್ಟರೆ ಏನಿಲ್ಲ. ಹಾಸಿಗೆ ಮುಟ್ಟಬಾರದು, ಮನೆಯಿಂದ ತಂದ ಚಾಪೆಯ ಮೇಲೇ ಮಲಗಬೇಕು, ನಾಲ್ಕಕ್ಕೆ ಏಳಬೇಕು ಎಂದು ಕಟ್ಟುಪಾಡು ಹಾಕಿದಳು. ಅಂದಿನಿಂದ ಅವನು ಮನುಷ್ಯನಾದ. ಕಾವಲುಗಾರನಿಗೂ ಗೊತ್ತಿತ್ತು, ಆದರೆ ಗೊತ್ತಿಲ್ಲದವನ ಹಾಗೆ ಬೀಡಿ ಸೇದುತ್ತಾ ಕೂತಿರುತ್ತಿದ್ದ.

ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಕೀಲಿಯಕ್ಕ ಮೆಟ್ಟಿಲಿಳಿಯತೊಡಗಿದಳು. ಇನ್ನೂ ಹೊತ್ತಿತ್ತು. ಕಾವಲುಗಾರ ಯಮನೇ ಬಂದರೂ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳದೆ ಒಳಗೆ ಬಿಡುವವನಲ್ಲ. ಅದಾದ ಮೇಲೆ ಲಿಫ್ಟು, ತುಕ್ಕು ಹಿಡಿದು ಪ್ರತಿ ಮಹಡಿಗೂ ಒಂದೊಂದು ಸಲ ಯೋಚಿಸಿ ಏರುವಂಥದ್ದು. ಮಂಡಿನೋವನ್ನು ಬೈದುಕೊಳ್ಳುತ್ತಾ, ಕಂಬಿ ಹಿಡಿದು ಅವಳು ಮೂರನೇ ಮಹಡಿ ತಲುಪಿದಾಗ ಲಿಫ್ಟು ಇನ್ನೂ ಕೆಳಗೇ ಇತ್ತು. ಬಾಗಿಲು ತೆರೆದು ಒಳಗೆ ಹೋದಳು.

ಅವನು ಗೋಡೆಯ ಕಡೆ ತಿರುಗಿ, ತೋಳನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡು ಮಲಗಿದ್ದ. ಪಕ್ಕದಲ್ಲಿ ಬೂಟು, ಊಟದ ಡಬ್ಬಿ. ಕೀಲಿಯಕ್ಕ ಮೊದಲು ನೋಡಿದ್ದು ಅವನ ಬಲಗಾಲಿನ ಹೆಬ್ಬೆರಳನ್ನು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವಳಿಗೆ ಆ ಬೆರಳೇ ಸಾಕ್ಷಿ. ಗೊರಕೆಯನ್ನು ಯಾರು ಬೇಕಾದರೂ ಹೊಡೆಯಬಹುದು. ಅವನಿಗೆ ನಿಜವಾಗಿ ನಿದ್ದೆ ಹತ್ತುವ ತನಕ ಆ ಹೆಬ್ಬೆರಳು ಅಲ್ಲಾಡುತ್ತಲೇ ಇರುತ್ತದೆ. ಈಗ ಅದು ಅಲ್ಲಾಡುತ್ತಿರಲಿಲ್ಲ.

ಈ ಕಟ್ಟಡದಲ್ಲಿ ಸೋಮವಾರದಿಂದ ಮೂರು ದಿನ ಪೈಪು ಬದಲಿಸುವವರು ಮಹಡಿ ಮಹಡಿಗೂ ಓಡಾಡುತ್ತಿದ್ದುದರಿಂದ ಅವನಿಗೆ ಇಲ್ಲಿಗೆ ಬರಲಾಗಿರಲಿಲ್ಲ. ಮೂರು ದಿನ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ನಿನ್ನೆ ಊಟ ಮಾಡುತ್ತಾ ಕೈ ಬಾಯಿಗೆ ಹೋಗುವ ದಾರಿಯಲ್ಲೇ ತೂಕಡಿಸಿದ್ದ. ಇವತ್ತು ಚಾಪೆ ಬಿಡಿಸಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಈಗ ಎಬ್ಬಿಸಿದರೆ ಮತ್ತೆ ನಿದ್ದೆ ಬರುವುದಿಲ್ಲ. ಸಂಜೆ ಹಾಗೇ ಎದ್ದು ಹೋಗಿ, ಆ ಏಣಿ ಹತ್ತಿ, ಅಷ್ಟು ಎತ್ತರದಲ್ಲಿ ಕೂತು, ಕೆಳಗೆ ಓಡಾಡುವ ಜನರ ತಲೆಯ ಮೇಲೆ ಕಬ್ಬಿಣ ಆಡಿಸಬೇಕು.

ಅವನ ಭುಜದ ಹತ್ತಿರ ಹೋದ ಅವಳ ಕೈ ಅಲ್ಲೇ ನಿಂತಿತು. ಹೊರಗೆ ಲಿಫ್ಟು ಕೊಂಯ್ ಎಂದು ಹೊರಟಿತು. ಎರಡು ನಿಮಿಷ ಸಾಕು, ಎಬ್ಬಿಸಿ, ಚಾಪೆ ಸುತ್ತಿ, ಮೆಟ್ಟಿಲ ಕಡೆಯಿಂದ ಕಳಿಸಿಬಿಡಬಹುದು. ಹನ್ನೆರಡು ಕೀಲಿಯೂ ಉಳಿಯುತ್ತವೆ. ಏನೂ ಆಗದವಳಂತೆ ಬಾಗಿಲಲ್ಲಿ ನಿಂತು "ಬನ್ನಿ ಮೇಡಂ" ಅನ್ನಬಹುದು. ಇದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳಿಗೆ ಸಾಕಾಗಿತ್ತು. ಅವನನ್ನು ಎಬ್ಬಿಸುವ ಪಾಪವನ್ನು ವರ್ಕ್‌ಶಾಪಿನವನು ಕಟ್ಟಿಕೊಳ್ಳಲಿ, ಅಲಾರಾಂ ಕಟ್ಟಿಕೊಳ್ಳಲಿ, ತನ್ನ ಕೈಯಲ್ಲಿ ಆಗುವುದಿಲ್ಲ ಎನಿಸಿತು. ಫ್ಯಾನಿನ ಗಾಳಿಗೆ ಹಾರುತ್ತಿದ್ದ ಹೊದಿಕೆಯ ಅಂಚನ್ನು ಅವನ ಕಾಲ ಕೆಳಗೆ ಸಿಕ್ಕಿಸಿ, ಬಾಗಿಲಿಗೆ ಬಂದು ನಿಂತಳು.

"ಅರೆ, ಇಲ್ಲೇ ಇದ್ದೀರಾ? ಒಳ್ಳೇದಾಯ್ತು," ಎಂದಳು ಲಿಫ್ಟಿನಿಂದ ಹೊರಬಂದ ಮಗಳು. ರಾತ್ರಿಯೆಲ್ಲ ಪ್ರಯಾಣ ಮಾಡಿದ ಮುಖ, ಕಣ್ಣಿನ ಕೆಳಗೆ ಕಪ್ಪು. "ಮನೆ ಕೊಳ್ಳೋಕೆ ನೋಡೋರು ನಾಳೆನೇ ಬರ್ತೀವಿ ಅಂದ್ರು. ಫೋನ್ ಮಾಡಕ್ಕೂ ಪುರುಸೊತ್ತಾಗ್ಲಿಲ್ಲ."

"ಬನ್ನಿ ಮೇಡಂ," ಎಂದಳು ಕೀಲಿಯಕ್ಕ, ಪಿಸುದನಿಯಲ್ಲಿ.

"ಯಾಕೆ, ಗಂಟಲು ಕಟ್ಟಿದ್ಯಾ?" ಎಂದು ಕೇಳಿದವಳೂ ಯಾಕೆಂದು ಗೊತ್ತಿಲ್ಲದೆ ಪಿಸುಗುಟ್ಟಿದ್ದಳು. ಒಳಗೆ ಒಂದು ಹೆಜ್ಜೆ ಇಟ್ಟು ಉಸಿರೆಳೆದುಕೊಂಡಳು. "ಒಂಚೂರೂ ಮುಗ್ಗಲು ವಾಸನೆ ಇಲ್ವಲ್ಲ! ಕೆಳಗಡೆ ಮನೆಯವರದ್ದು ಹೋದ್ಸಲ ಮೂಗು ಮುಚ್ಕೊಂಡು ನೋಡಿದ್ದೆ. ನೀವು ಅದೇನ್ ಮಾಡ್ತೀರೋ..."

ಮಾತು ಅಲ್ಲಿಗೇ ನಿಂತಿತು. ಅವಳು ಬೂಟನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಆಮೇಲೆ ಮನುಷ್ಯನನ್ನು ನೋಡಿದಳು.

"ನನ್ನ ಯಜಮಾನ್ರು," ಎಂದಳು ಕೀಲಿಯಕ್ಕ. "ದಮ್ಮಯ್ಯ ಮೇಡಂ, ಬೈಯೋದಿದ್ರೆ ಅಡುಗೆಮನೇಲಿ ಬೈರಿ."

ಅಡುಗೆಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ನಿಂತರು. ಮಗಳ ಮುಖ ಕೆಂಪಗಾಗಿತ್ತು. ಕೀಲಿಯಕ್ಕ ಒಂದನ್ನೂ ಮುಚ್ಚಿಡದೆ ಹೇಳಿದಳು, ಕ್ರೇನು, ತಗಡು, ವರ್ಕ್‌ಶಾಪು, ಹೆಬ್ಬೆರಳು ತೋರುಬೆರಳ ನಡುವಿನ ಅಷ್ಟು ದೂರ, ಎಲ್ಲವನ್ನೂ.

"ಎಷ್ಟು ದಿನದಿಂದ?"

"ಐದು ತಿಂಗಳಾಯ್ತು."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ಆಗಲ್ಲ ಅಂತಿದ್ರಿ."

"ಹೌದು. ಆಗಲ್ಲ ಅಂತಿದ್ದೆ," ಎಂದಳು ಮಗಳು. ನಲ್ಲಿ ತಿರುಗಿಸಿ, ಬಂದ ತಿಳಿನೀರಿನಲ್ಲಿ ಮುಖ ತೊಳೆದುಕೊಂಡಳು. "ಅಮ್ಮನಿಗೆ ಅಂತ ಕೊಂಡ್ಕೊಂಡ ಮನೆ ಇದು. ತೀರಿಕೊಳ್ಳೋವರೆಗೂ ಮೂರು ವರ್ಷ ಇದ್ಳು, ಒಂದಿನಾನೂ ನೆಟ್ಟಗೆ ನಿದ್ದೆ ಮಾಡ್ಲಿಲ್ಲ. ದಿನಾ ಫೋನಲ್ಲಿ ಅದೇ ಗೋಳು. ಅಲೆ ಸದ್ದು, ತಲೆ ಚಿಟ್ಟು ಹಿಡಿಯುತ್ತೆ, ಕರ್ಕೊಂಡು ಹೋಗು ಅಂತ. ನಾನು ಕಿಟಕಿ ಮುಚ್ಕೋ ಅಂತಿದ್ದೆ."

ಆ ಅಮ್ಮನನ್ನು ಕೀಲಿಯಕ್ಕ ಕಂಡವಳಲ್ಲ. ಕಪಾಟಿನೊಳಗಿನ ಬಟ್ಟೆಗಳನ್ನಷ್ಟೇ ಗಾಳಿಗೆ ಹಾಕಿದ್ದಳು.

"ಎಷ್ಟೊತ್ತಿಗೆ ಏಳ್ತಾರೆ?"

"ನಾಲ್ಕಕ್ಕೆ."

"ಮಲಗ್ಲಿ," ಎಂದಳು ಮಗಳು. "ನಾಲ್ಕಕ್ಕೆ ಎದ್ದ ಮೇಲೆ ನನ್ನ ಕೀಲಿ ಕೊಟ್ಟು ಹೋಗ್ಬಿಡಿ. ಬೇರೆ ಮನೆಯವರಿಗೆ ನಾನೇನೂ ಹೇಳಕ್ಕೆ ಹೋಗಲ್ಲ. ಆದ್ರೆ ಅವರ ಯಾರ ಮನೇಲೂ ಇನ್ನು ಹೀಗೆ ಮಾಡಲ್ಲ ಅಂತ ನನಗೆ ಮಾತು ಕೊಡ್ಬೇಕು."

"ಕೊಟ್ಟೆ," ಎಂದಳು ಕೀಲಿಯಕ್ಕ. ಮಗಳು ಕೂಗಾಡಿದ್ದರೆ ತಿರುಗಿಸಿ ನಾಲ್ಕು ಮಾತಾಡಬಹುದಿತ್ತು. ಇವಳು ಅದಕ್ಕೂ ಜಾಗ ಬಿಡಲಿಲ್ಲ.

ಮಗಳು ಸದ್ದಾಗದಂತೆ ಚೀಲ ಎತ್ತಿಕೊಂಡು, ಮಲಗಿದ್ದವನ ಕಾಲಬಳಿಯೇ ಸರಿದು ಅಮ್ಮನ ಕೋಣೆಗೆ ಹೋದಳು. ಕೀಲಿಯಕ್ಕ ಏಳನೇ ಮಹಡಿಗೆ ಹೋಗಿ ಬಿಟ್ಟ ಗಾಜು ಒರೆಸಿ, ಕಿಟಕಿ ಮುಚ್ಚಿ, ಬಕೆಟ್ಟು ತೊಳೆದಿಟ್ಟು ಬಂದಳು. ನಾಲ್ಕು ಗಂಟೆಗೆ ಅಲಾರಾಂ ಬಡಿಯುವ ಮೊದಲೇ ಗಂಡನ ಪಕ್ಕ ಕೂತಿದ್ದಳು. ಅವನು ಎದ್ದವನೇ ಮೈಮುರಿದು, "ಸತ್ತವನ ಹಾಗೆ ಮಲಗಿದ್ದೆ ಕಣೇ. ಒಂದು ಕನಸೂ ಬೀಳ್ಲಿಲ್ಲ," ಎಂದ. ಆಮೇಲೆ ಅವಳ ಕೈ ನೋಡಿದ. ಅವಳು ಗೊಂಚಲಿನ ಉಂಗುರವನ್ನು ಉಗುರಿನಿಂದ ಬಿಡಿಸಿ ಒಂದು ಕೀಲಿ ಹೊರತೆಗೆಯುತ್ತಿದ್ದಳು.

"ಯಾರು ಬಂದಿದ್ದಾರೆ?"

"ಮನೆಯವರು. ಒಳಗಿದ್ದಾರೆ."

ಅವನ ಮುಖ ಸಪ್ಪಗಾಯಿತು. ಅವಸರವಾಗಿ ಚಾಪೆ ಸುತ್ತಿದ. ಅಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಗಳು ಮಂಚದ ಅಂಚಿನಲ್ಲಿ, ಬೂಟು ಕೂಡ ಬಿಚ್ಚದೆ, ಕೂತಲ್ಲೇ ವಾಲಿ ನಿದ್ದೆ ಹೋಗಿದ್ದಳು. ಕೀಲಿಯಕ್ಕ ಕೀಲಿಯನ್ನು ಹಾಲಿನ ಕುರ್ಚಿಯ ಮೇಲಿಟ್ಟು, ಬಾಗಿಲನ್ನು ಎಳೆದುಕೊಂಡಳು.

"ಯಾಕೆ ನನ್ನನ್ನ ಎಬ್ಬಿಸ್ಲಿಲ್ಲ?" ಎಂದ ಗಂಡ ಮೆಟ್ಟಿಲಿನಲ್ಲಿ.

"ಕರೆದೆ. ನೀವೇ ಏಳ್ಲಿಲ್ಲ ಕಣ್ರೀ," ಎಂದಳು.

ಮಾರನೆಯ ದಿನ ಹತ್ತೂವರೆಗೆ ತಗಡು ಕಾಯತೊಡಗಿತ್ತು. ಕೀಲಿಯಕ್ಕ ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿ, ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕಿದ್ದಳು. ಗೋಡೆಯಾಚೆ ಕಬ್ಬಿಣ ಕೊಯ್ಯುವ ಸದ್ದು ಏರಿ, ಇಳಿದು, ಮತ್ತೆ ಏರುತ್ತಿತ್ತು. ಗಂಡ ಗೋಡೆಯ ಕಡೆ ತಿರುಗಿ, ತೋಳನ್ನು ಕಣ್ಣಿಗೆ ಅಡ್ಡ ಇಟ್ಟುಕೊಂಡು ಮಲಗಿದ್ದ. ಅವಳು ಕೆಲಸಕ್ಕೆ ಹೊರಡಲು ಎದ್ದ ಕೂಡಲೇ ಅವನ ಗೊರಕೆ ಶುರುವಾಯಿತು. ದೊಡ್ಡದಾಗಿ, ಒಂದೇ ಅಳತೆಯಲ್ಲಿ, ವರ್ಕ್‌ಶಾಪಿನ ಸದ್ದನ್ನೂ ಮೀರಿಸುವಂತೆ ಹೊಡೆಯುತ್ತಿದ್ದ.

ಹೊದಿಕೆಯ ಹೊರಗೆ ಬಂದ ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತಲೇ ಇತ್ತು.

ಕೀಲಿಯಕ್ಕ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮೊಳೆಯಿಂದ ಗೊಂಚಲನ್ನು ತೆಗೆದು, ಹನ್ನೊಂದು ಕೀಲಿಗಳೂ ಒಂದಕ್ಕೊಂದು ತಾಗದಂತೆ ಟವೆಲ್ಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಆಮೇಲೆ ತುದಿಗಾಲಿನಲ್ಲಿ ನಡೆದು, ಬಾಗಿಲನ್ನು ಒಂದಿಷ್ಟೂ ಸದ್ದಾಗದಂತೆ ಮುಂದೆ ಮಾಡಿ ಹೊರಟಳು.