ಹತ್ತನೆಯ ಪ್ರಯೋಗ

ನೀವು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಹಿರಿಯ ಸಂಪಾದಕರು "ಗೊತ್ತು, ಗೊತ್ತು" ಎಂದುಬಿಡುತ್ತಿದ್ದರು. ನಿಘಂಟು ಕಚೇರಿಯ ಕಿರಿಯರಾದ ನಾವು ಅವರಿಗಿಟ್ಟಿದ್ದ ಹೆಸರೇ ಗೊತ್ತಪ್ಪ. ನಡಿಗೆಯೂ ಹಾಗೆಯೇ, ಕಾಲಿಗಿಂತ ಮೊದಲು ತಲೆ ತಲುಪಬೇಕೆಂಬಂತೆ ಮುಂದಕ್ಕೆ ಬಾಗಿ, ಪದಗಳನ್ನು ಬರೆದಿಟ್ಟ ಕಾರ್ಡುಗಳ ಭಾರಕ್ಕೆ ಜೇಬು ಜೋತುಬಿದ್ದ ಕಂದು ಕೋಟು ತೊಟ್ಟು, ಒಂಬತ್ತೂವರೆಗೆ ಸರಿಯಾಗಿ ಮೆಟ್ಟಿಲೇರುತ್ತಿದ್ದರು.

ಪದದ ಮುಂದೆ ಕುಳಿತರೆಂದರೆ ಮನುಷ್ಯನೇ ಬೇರೆ. ಇಂಗ್ಲಿಷ್ ಪದವೊಂದಕ್ಕೆ ಕನ್ನಡದಲ್ಲಿ ಅರ್ಥ ಬರೆಯುವ ಮುನ್ನ ಅದರ ಹತ್ತು ಪ್ರಯೋಗಗಳನ್ನಾದರೂ, ಅಂದರೆ ಅದು ಬಳಕೆಯಾದ ಹತ್ತು ವಾಕ್ಯಗಳನ್ನಾದರೂ, ಪರಿಶೀಲಿಸಲೇಬೇಕೆಂಬುದು ಅವರ ಹಟ. ನಾನೊಮ್ಮೆ ಒಂಬತ್ತಕ್ಕೇ ಮುಗಿಸಿದಾಗ ಕಾರ್ಡನ್ನು ಹಿಂದಕ್ಕೆ ತಳ್ಳಿದರು. "ಹತ್ತನೇದು ಏನು ಹೇಳುತ್ತೋ ಕೇಳಿದ್ದೀಯೇನಯ್ಯಾ? ಅದರ ಬಾಯಿ ಮುಚ್ಚಿಸೋಕೆ ನೀನ್ಯಾರು?" ಅಯ್ಯೋ, ಪದಗಳ ಮೇಲಿದ್ದ ಆ ಕರುಣೆಯಲ್ಲಿ ಕಾಲುಪಾಲು ಮನೆಯವರ ಮೇಲಿದ್ದಿದ್ದರೆ!

ಅವರ ತಮ್ಮ ಜಗಳವಾಡಿಕೊಂಡು ಮನೆ ಬಿಟ್ಟು ಆರು ವರ್ಷವಾಗಿತ್ತು. ಒಂದು ದಿನ ಅವನ ಪತ್ರ ಕಚೇರಿಯ ವಿಳಾಸಕ್ಕೆ ಬಂತು. ಕೈಬರಹ ಕಂಡದ್ದೇ ತಡ, ಲಕೋಟೆಯನ್ನು ಒಡೆಯದೆ ಮೇಜಿನ ಖಾನೆಗೆ ಎಸೆದರು.

"ಒಂದ್ಸಲ ಓದಿ ನೋಡಿ ಸಾರ್," ಎಂದೆ.

"ಗೊತ್ತು, ಗೊತ್ತು. ಅದೇ ರಾಗ, ಅದೇ ಹಾಡು."

ಮೂರನೆಯ ವಾರ ತಮ್ಮನ ಹೆಂಡತಿಯ ಫೋನು ಬಂತು. ಶಸ್ತ್ರಚಿಕಿತ್ಸೆಗೆಂದು ಒಳಗೆ ಹೋದವನು ಜೀವಂತವಾಗಿ ಹೊರಬರಲಿಲ್ಲ. ಆಗ ಲಕೋಟೆ ಒಡೆದರು. "ಅಣ್ಣಾ, ಇನ್ನೆರಡು ವಾರ ಬಿಟ್ಟು ಗುರುವಾರ ನನಗೆ ಹೃದಯದ ಆಪರೇಷನ್. ನೀನು ಬಂದು ಬಾಗಿಲ ಹೊರಗೆ ಕೂತಿದ್ರೆ ಸಾಕು, ಧೈರ್ಯ ಬರುತ್ತೆ."

"ಬರೀ ಎರಡು ಸಾಲು ಕಣಯ್ಯಾ," ಎಂದರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. ಆಮೇಲೆ ಆ ‘ಗೊತ್ತು’ ಅವರ ಬಾಯಿಂದ ಮತ್ತೆ ಕೇಳಿಬರಲಿಲ್ಲ. ಕಾಫಿ ತರುವವನ ಪುರಾಣವನ್ನೂ ಕೊನೆಯವರೆಗೆ ಕೇಳಿಸಿಕೊಳ್ಳುತ್ತಿದ್ದರು.

ಅವರು ನಿವೃತ್ತರಾದ ಮೇಲೆ ಆ ಕಾರ್ಡುಗಳು ನನ್ನ ಪಾಲಿಗೆ ಬಂದವು. ‘ಪ್ರಿಜಡ್ಜ್’ ಎಂಬ ಕ್ರಿಯಾಪದದ ಕಾರ್ಡಿನಲ್ಲಿ ಅರ್ಥ: ವಿಚಾರಿಸುವ ಮೊದಲೇ ತೀರ್ಮಾನಿಸು. ಕೆಳಗೆ ಪುಸ್ತಕಗಳಿಂದ ಆಯ್ದ ಒಂಬತ್ತು ಪ್ರಯೋಗಗಳು. ಹತ್ತನೆಯದು ಅವರದೇ: "ತಮ್ಮನ ಪತ್ರ ಒಡೆಯುವ ಮೊದಲೇ ಅಣ್ಣ ತೀರ್ಮಾನಿಸಿಬಿಟ್ಟ." ಒಂದಕ್ಷರ ತಿದ್ದದೆ ಅಚ್ಚಿಗೆ ಕಳಿಸಿದೆ.

ಇಂಥವರು ಕಟುಕರಲ್ಲ. ಅಪರಿಚಿತವಾದುದರ ಮುಂದೆ ವಿನೀತರಾಗಿ, ಹತ್ತು ಸಲ ವಿಚಾರಿಸುವ ಈ ಜನ, ತೊಟ್ಟಿಲಿನಿಂದ ಕಂಡ ಮುಖದಲ್ಲಿ ಇನ್ನು ಕೇಳುವುದೇನಿದೆ ಎಂದುಕೊಂಡಿರುತ್ತಾರೆ. ಕೊನೆಗೊಮ್ಮೆ ಕೇಳಲು ಕುಳಿತಾಗ, ಹೇಳಬೇಕಾದವನು ಇರುವುದಿಲ್ಲ.